ತುಂಬಿದ ಬ್ಯಾಗನ್ನೇ ತನ್ನಿ

ಜಿಪ್ಪಣ್ಣನವರನ್ನು ನೆನೆಯಲು ಬಂದ ಎಲ್ಲರಿಗೂ ನಮಸ್ಕಾರ. ಅವರ ಮನೆಯವರಾದ ನಮ್ಮ ಅತ್ತಿಗೆಗೆ, ಅವರ ಮಗಳಿಗೆ, ನಮ್ಮ ಸಾಲಿನ ಎಲ್ಲ ಅಂಗಡಿಯವರಿಗೆ — ನಮಸ್ಕಾರ. ನನಗೆ ಮಾತಾಡಿ ಅಭ್ಯಾಸವಿಲ್ಲ. ಆದರೆ ಜಿಪ್ಪಣ್ಣನವರ ಪಕ್ಕದ ಹೊಲಿಗೆ ಮಿಷನ್ನಿನಲ್ಲಿ ಇಷ್ಟು ವರ್ಷ ಕೂತವನು ನಾನು. ನಾನೇ ಹೇಳಬೇಕು.

ಬಸ್ ನಿಲ್ದಾಣದ ಹಿಂದಿನ ನಮ್ಮ ಬ್ಯಾಗ್ ರಿಪೇರಿ ಅಂಗಡಿಗೆ ನೀವೆಲ್ಲ ಬಂದವರೇ. ಖಾಲಿ ಬ್ಯಾಗು ತಂದರೆ ಜಿಪ್ಪಣ್ಣ ಮುಟ್ಟುತ್ತಿರಲಿಲ್ಲ. "ತುಂಬಿಸ್ಕೊಂಡು ಬನ್ನಿ. ಭಾರ ಬಿದ್ದಾಗಲ್ವೇ ಹೊಲಿಗೆ ಎಲ್ಲಿ ಬಿಡುತ್ತೆ ಅಂತ ಗೊತ್ತಾಗೋದು?" ಇದು ಅವರು ಹೇಳುತ್ತಿದ್ದ ಕಾರಣ. ನಿಜವಾದ ಕಾರಣ — ಅತ್ತಿಗೆ ನಗುತ್ತಿದ್ದಾರೆ, ಅವರಿಗೆ ಗೊತ್ತು — ಒಳಗೇನಿದೆ ಅಂತ ನೋಡುವ ಚಪಲ.

ಅವರು ಗಡಿಯಾಚೆಯವರು. ಅಲ್ಲಿ ಗಿರಣಿಗಳು ಮುಚ್ಚಿದ ಕಾಲಕ್ಕೆ ಇಲ್ಲಿಗೆ ಬಂದರು. ಆಗ ಬಸ್ಸುಗಳು ಆ ಕಡೆಯಿಂದ ತುಂಬಿ ಬರುತ್ತಿದ್ದವು, ಖಾಲಿ ಹೋಗುತ್ತಿದ್ದವು. ಆಮೇಲೆ ಇಲ್ಲಿನ ಕಾರ್ಖಾನೆಗಳು ಬಾಗಿಲು ಹಾಕಿದವು, ಅಲ್ಲಿ ಹೊಸವು ತೆರೆದವು. ಈಗ ತುಂಬಿ ಹೋಗುವುದು ಇಲ್ಲಿಂದ. ನಮ್ಮ ಅಂಗಡಿಗೆ ಮಾತ್ರ ಎರಡೂ ಕಾಲದಲ್ಲಿ ಗಿರಾಕಿ. "ನೀವ್ಯಾಕೆ ವಾಪಸ್ ಹೋಗಲ್ಲ?" ಅಂತ ಅವರನ್ನು ಕೇಳದವರಿಲ್ಲ. "ನಾನು ಹೋದರೆ ನಿಮ್ಮ ಬ್ಯಾಗು ಯಾರು ನೋಡ್ತಾರೆ?" ಅನ್ನುತ್ತಿದ್ದರು.

ಅವರದೊಂದು ಲೆಕ್ಕವಿತ್ತು. ಬ್ಯಾಗಿನಲ್ಲಿ ಬಟ್ಟೆ, ಹೊದಿಕೆ ಅಷ್ಟೇ ಇದ್ದರೆ ಆಸಾಮಿ ವಾಪಸ್ ಬರುತ್ತಾನೆ. ಉಪಯೋಗಕ್ಕೆ ಬಾರದ್ದು ಏನಾದರೂ ಇದ್ದರೆ — ಹಳೇ ಬಾಗಿಲಿನ ಹಿಡಿ, ಕೆಟ್ಟು ನಿಂತ ಗಡಿಯಾರ — ಬರುವುದಿಲ್ಲ. ನಾನು ಆ ಕಡೆ ಕೆಲಸಕ್ಕೆ ಹೊರಟಾಗ ನನ್ನ ಬ್ಯಾಗಿನಲ್ಲಿ ಒಂದು ಮೊಂಡು ಕತ್ತರಿ ಸಿಕ್ಕಿತು. ನಮ್ಮಪ್ಪನದು. ಜಿಪ್ಪಣ್ಣ ಅದನ್ನು ಹೀಗೆ — ಹೀಗೆ ತಿರುಗಿಸಿ ನೋಡಿ, "ಆಯ್ತು, ನೀನಿನ್ನು ಅಲ್ಲಿಯವನೇ" ಅಂದರು. ನನ್ನ ಮಿಷನ್ನಿಗೆ ಬಟ್ಟೆ ಹೊದಿಸಿಬಿಟ್ಟರು. ಮುಂದಿನ ಬೇಸಿಗೆಗೆ ನಾನು ವಾಪಸ್ ಬಂದು ಅಂಗಡಿ ಬಾಗಿಲಲ್ಲಿ ನಿಂತಿದ್ದೆ. ಬೇರೆಯವರಾದರೆ ಆಡಿಕೊಳ್ಳುತ್ತಿದ್ದರು. ಇವರು ಸ್ಟೂಲು ಎಳೆದು, "ಬಾ, ಕೂತ್ಕೋ. ನಾನೆಲ್ಲಿ ತಪ್ಪಿದೆ ಹೇಳು" ಅಂದರು. ಸಂಜೆವರೆಗೂ ಬಿಡಲಿಲ್ಲ.

ಆ ಲೆಕ್ಕ ಅವರಿಗೇ ಹೊಂದುತ್ತಿರಲಿಲ್ಲ. ಬರುವಾಗ ತಂದದ್ದು ಎರಡು ಜೊತೆ ಬಟ್ಟೆ, ಒಂದು ಛತ್ರಿ. ಒಂದು ಹಂಗಾಮು ದುಡಿದು ಹೋಗುವ ಯೋಚನೆ. ಇಲ್ಲೇ ಮದುವೆ, ಇಲ್ಲೇ ಮಗಳು — ಇಲ್ಲೇ ಕೊನೆ.

ಈಗ ಮಗಳು ಹೊರಟಿದ್ದಾಳೆ, ಅವಳು ಕಣ್ಣಲ್ಲೂ ಕಾಣದ ಅಪ್ಪನ ದೇಶಕ್ಕೆ. ಕೆಲಸ ಸಿಕ್ಕಿರುವುದು ಅಲ್ಲಿ. ನಾಳೆ ಬಸ್ಸು. ನಿನ್ನೆ ಅವಳ ಬ್ಯಾಗು ನನ್ನ ಹತ್ತಿರ ಬಂತು — ತುಂಬಿಯೇ ಬಂತು. ತಂದವರು ಅತ್ತಿಗೆ. "ಅವರಿಲ್ಲ. ನೀನೇ ನೋಡಿ ಹೇಳಪ್ಪ. ವಾಪಸ್ ಬರ್ತಾಳಾ?"

ತೆರೆದು ನೋಡಿದೆ. ಒಂದಿಷ್ಟು ಬಟ್ಟೆ — ಒಂದು ಛತ್ರಿ. ಲೆಕ್ಕದ ಪ್ರಕಾರ ಬರಬೇಕು. ಅಪ್ಪನನ್ನು ನೋಡಿದರೆ —

ಅತ್ತಿಗೆ, ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಾಗುತ್ತಿರಲಿಲ್ಲ. ಹಿಡಿಕೆಗೆ ಎರಡು ಸಾಲು ಹೊಲಿಗೆ ಹಾಕಿದ್ದೇನೆ. ಹೋಗುವಾಗಲೂ ತಾಳುತ್ತೆ, ಬರುವಾಗಲೂ ತಾಳುತ್ತೆ. ಮಗಳೇ, ಸ್ಟೂಲು ಅಲ್ಲೇ ಇರುತ್ತೆ. ಯಾವಾಗ ಬಂದರೂ ಕೂತು ಹೇಳಬೇಕು — ಆ ಊರು ಹೇಗಿದೆ, ಜನ ಏನು ಕೇಳಿದರು, ಎಲ್ಲ. ನಿಮ್ಮಪ್ಪ ಕೇಳದೆ ಬಿಡುತ್ತಿರಲಿಲ್ಲ.

ಇನ್ನು — ಬಸ್ಸಿಳಿದು ನೇರ ಇಲ್ಲಿಗೆ ಬಂದವರೂ ಇದ್ದೀರಿ. ಕೈಯಲ್ಲಿರುವ ಬ್ಯಾಗುಗಳನ್ನು ಕೆಳಗಿಟ್ಟು, ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಸುಮ್ಮನಿರೋಣ.