ಎಡಗಡೆ ಹೊಳ್ಳಿ

ನಿಮ್ಮ ಟೆಸ್ಟು ಸುಳ್ಳು ಹೇಳೇತಿ, ಅನೀಸಾ ಮೇಡಂ. ಸುಳ್ಳು ಹೇಳಿ ಮನುಷ್ಯಾನ್ನ ಕೊಂದೈತಿ!

ಕುರ್ಚಿ ತೋರಿಸಬ್ಯಾಡ್ರಿ, ನಾ ಕುಂದ್ರಂಗಿಲ್ಲ. ಈ ಚೀಟಿ ನೋಡ್ರಿ ಮೊದಲ. ಮುದಿಯಪ್ಪ, ವಯಸ್ಸು ನಲವತ್ತಾರು, ಕೊರೋನಾ ನೆಗೆಟಿವ್. ಈ ಟೆಸ್ಟ್ ಕೇಂದ್ರದ ಸೀಲು, ನಿಮ್ಮ ಸಹಿ. ಎಂಟು ದಿನ ಆಗೇತಿ, ಅಷ್ಟ. ಇವತ್ತ ಮುಂಜಾನಿ ಕೊಪ್ಪಳದ ದವಾಖಾನ್ಯಾಗ ಉಸಿರು ಸಿಗಲಾರದ ಸತ್ತ. ಅಲ್ಲಿ ಕೊರೋನಾ ಅಂತ ಬರದಾರ, ಇಲ್ಲಿ ನೀವು ಇಲ್ಲ ಅಂತ ಬರದೀರಿ. ಯಾವುದು ಖರೆ?

ಹಂಗ ನೋಡಬ್ಯಾಡ್ರಿ. ನಾನ್ಯಾರು ಗೊತ್ತಲ್ಲ? ಕೊಟ್ರೇಶ. ಗಂಗಾವತಿ ರೈಸ್ ಮಿಲ್ ಹಮಾಲರ ಸಂಘದಾಂವ. ಏಳನೇತ್ತಕ್ಕ ಸಾಲಿ ಬಿಟ್ಟೀನಿ, ಆದ್ರ ಓದಾಕ ಬರ್ತೈತಿ. ನಿಮ್ಮ ಗೋಡಿ ಮ್ಯಾಲಿನ ಆ ಹಾಳಿ ಮೂರು ಸಲ ಓದೀನಿ. ಕಾಲು ತಾಸಿನ ಟೆಸ್ಟು ಪಾಸಿಟಿವ್ ಅಂದ್ರ ನಂಬ್ರಿ. ನೆಗೆಟಿವ್ ಅಂದು, ಕೆಮ್ಮು ಜ್ವರ ಇದ್ರ, ನಂಬಬ್ಯಾಡ್ರಿ, ಮತ್ತೊಂದು ಕಡ್ಡಿ ಮೂಗಿನ್ಯಾಗ ಹಾಕಿ ದೊಡ್ಡ ಲ್ಯಾಬಿಗೆ ಕಳಿಸ್ರಿ. ಹೌದಲ್ಲ? ಮುದಿಯಪ್ಪ ಚೀಲ ಹೊತ್ತು ನಾಕು ಹೆಜ್ಜಿ ಇಡೂದ್ರಾಗ ಕೆಮ್ಮತಿದ್ದ! ಯಾಕ ಕಳಿಸಲಿಲ್ಲ?

ಏನು, ತಲಿ ಅಲ್ಲಾಡಿಸ್ತೀರಿ? ...ಹಾಂ, ಕೇಳಿದ್ರಿ. ಕೆಮ್ಮು ಐತೇನು ಅಂತ ಕೇಳಿದ್ರಿ. ಇಲ್ಲ ಅಂತ ಹೇಳಿರಬೇಕು. ಯಾಕ ಹೇಳಬಾರದು? ನೆಗೆಟಿವ್ ಚೀಟಿ ಇಲ್ಲಂದ್ರ ಮಿಲ್ಲಿನ ಗೇಟು ತೆಗಿಯಂಗಿಲ್ಲ. ಪಾಸಿಟಿವ್ ಅಂದ್ರ ಹದಿನಾಲ್ಕು ದಿನ ಹೊರಗ. ಅಷ್ಟೂ ದಿನ ಮಾಲಕ ಬಂದು ಅನ್ನ ಹಾಕ್ತಾನೇನು? ಮನ್ಯಾಗ ಕುಂದ್ರಿಸಿದ್ರ ಕೂಲಿ ಕೊಡ್ರಿ ಅಂತ ಗೇಟಿನ ಮುಂದ ಗಂಟಲಾ ಹರಕೊಂಡೀನಿ ನಾನು. ಕೊಟ್ಟನೇನು?

ಏನ್ ನೋಡ್ತೀರಿ, ಮೂಗು? ಮಾಸ್ಕ್ ಜಾರೇತಿ, ನೋಡ್ರಿ. ಡೊಂಕ ಐತಿ. ಕಾಲುವಿ ನೀರಿಗೆ ರಸ್ತಾ ತಡದಾಗ ಲಾಠಿ ಬಿದ್ದದ್ದು. ಬಲಗಡೆ ಹೊಳ್ಳಿ ಅವತ್ತಿಂದ ಬಂದ್. ಹೋರಾಟದ ಮೂಗು ಇದು! ...ಯಾಕ ನಗ್ತೀರಿ? ನಗಲಿಲ್ಲ? ಮತ್ತ ಕಣ್ಣು ಯಾಕ ಹಂಗ ಮಾಡಿದ್ರಿ?

ರಜಿಸ್ಟರ್ ಯಾಕ ತೆಗೀತೀರಿ? ಹೂಂ... ಮುದಿಯಪ್ಪ, ಹೆಸರು ಐತಿ. ಬಾಜೂಕ ಏನದು, ಕೆಂಪು ಅಕ್ಷರ? "ಬಲಗಡೆ ಹೊಳ್ಳಿ ಬಂದ್, ಎಡಗಡೆಯಿಂದ ಸ್ಯಾಂಪಲ್ ತೆಗೆದಿದೆ." ...ಹಾಳಿ ತಿರುವಬ್ಯಾಡ್ರಿ. ಬ್ಯಾಡ್ರಿ ಅಂದ್ನೆಲ್ಲ! ಅಮರಪ್ಪ, ಎಡಗಡೆಯಿಂದ. ಮಕ್ಬುಲಸಾಬ, ಎಡಗಡೆಯಿಂದ. ಈಶಪ್ಪ...

ರಜಿಸ್ಟರ್ ಮುಚ್ಚ್ರಿ ಮೇಡಂ. ಬೈರಿ. ಪೊಲೀಸರನ್ನ ಕರೀರಿ.

...ಆರು ಮಂದಿ. ನನಗ ಕೆಮ್ಮು ಇರಲಿಲ್ಲ, ಜ್ವರ ಇರಲಿಲ್ಲ. ಅವರ ಆಧಾರ್ ಹಿಡಕೊಂಡು ದಿನಕ್ಕೊಬ್ಬರ ಹೆಸರಿಲೆ ಪಾಳಿ ಹಚ್ಚಿ ನನ್ನ ಮೂಗು ಕೊಟ್ಟೆ. ದಿನಾ ಬ್ಯಾರೆ ಸಿಸ್ಟರು. ಮೈತುಂಬ ಪ್ಲಾಸ್ಟಿಕ್ ಸುತಗೊಂಡು ಮೂಗು ನೋಡಿದ್ರಿ. ಮುಖ ಯಾರೂ ನೋಡಲಿಲ್ಲ. ಮುದಿಯಪ್ಪ ಚೀಟಿ ಹಣಿಗೆ ಒತ್ತಿಕೊಂಡ. ಅಣ್ಣಾ, ನೀ ದೇವರು ಅಂದ. ಅವನ ಹೆಂಡ್ತಿ ಕಳಕಮ್ಮಗ ಏನೂ ಗೊತ್ತಿಲ್ಲ. ಚೀಟಿ ನಂಬಿದಳು. ನೆಗಡಿ ಅಂತ ಐದು ದಿನ ಕಷಾಯ ಕಾಸಿ ಕುಡಿಸಿದಳು. ದವಾಖಾನಿಗೆ ಒಯ್ಯೂದ್ರಾಗ ತುಟಿ ನೀಲಿ ಆಗಿದ್ವು.

ಮುಂಜಾನಿಂದ ಒಂದ ಸಮ ಹೇಳಿಕೊಂಡೆ: ಈ ಟೆಸ್ಟು ತಪ್ಪತೈತಿ, ಅಂವ ಖುದ್ದ ಬಂದಿದ್ರೂ ತಪ್ಪತಿತ್ತು. ಇರಬಹುದು. ಆದ್ರ ತಪ್ಪಾಕ ಅದಕ್ಕ ಅವಕಾಶನ ಕೊಡಲಿಲ್ಲ ನಾನು. ಕಡ್ಡಿ ಹೋದ ಮೂಗಿನ್ಯಾಗ ರೋಗ ಇರಲಿಲ್ಲ. ಇಲ್ಲ ಅಂತು. ಖರೇನ ಅಂತು.

ಉಳಿದ ಐದು ಮಂದಿ ಮಿಲ್ಲಿನ ಶೆಡ್ಡಿನ್ಯಾಗ ಅದಾರ. ಇಬ್ಬರು ಕೆಮ್ಮಾಕ ಹತ್ಯಾರ. ಕಿಸೆದಾಗ ನನ್ನ ಮೂಗಿನ ಚೀಟಿ. ನಾಕು ಗಂಟೆಕ್ಕ ಒಂದ ಟೆಂಪೊ ಹತ್ತಿ ಯಲಬುರ್ಗಿ ಕಡೆ ಮುದಿಯಪ್ಪನ ಊರಿಗೆ ಹೊಂಟಾರ, ಕಳಕಮ್ಮನ ಮುಂದ ಕುಂತು ಅಳಾಕ. ಊರ ತುಂಬ ಮುದುಕರು ಅದಾರ.

ನನ್ನ ಮ್ಯಾಲೆ ಏನ್ ಬರಕೋತೀರಿ ಆಮ್ಯಾಲೆ ಬರಕೋರಿ. ಈಗ ಏಳ್ರಿ. ಕಡ್ಡಿ ಡಬ್ಬಿ ತಗೋರಿ, ದೊಡ್ಡ ಲ್ಯಾಬಿಗೆ ಕಳಿಸೂ ಸೀಸೆನೂ ತಗೋರಿ. ಗೇಟು ನಾ ತೆಗಸ್ತೀನಿ. ಒಬ್ಬೊಬ್ಬರನ್ನ ಕುಂದ್ರಿಸ್ರಿ, ಮಾಸ್ಕ್ ಇಳಸ್ರಿ, ಮುಖ ನೋಡ್ರಿ. ನೋಡಿ, ಅವರವರ ಮೂಗಿನ್ಯಾಗ ಕಡ್ಡಿ ಹಾಕ್ರಿ. ಏಳ್ರಿ ಮೇಡಂ!