ಮೂರು ವಡೆಯ ಋಣ

ಸಯನ್‌ನಲ್ಲಿ ಬಸ್ಸಿಗಾಗಿ ನಿಂತಿದ್ದ ಜವಳಿ ವ್ಯಾಪಾರಿ ಶೆಟ್ಟೆಪ್ಪನ ಕಿವಿಗೆ, ಮುಂದಿದ್ದ ಇಬ್ಬರು ಹೋಟೆಲ್ ಕೆಲಸಗಾರರ ಮಾತು ಬಿತ್ತು. ಮುಂಬಯಿಯಲ್ಲಿ ಕನ್ನಡ ಕೇಳಿದರೆ ಯಾರ ಕಿವಿ ತಾನೇ ಸುಮ್ಮನಿರುತ್ತದೆ?

“ಇವತ್ತಿನ ಪರೀಕ್ಷೆಯಲ್ಲೂ ಫೇಲಾದರೆ ಧಣಿಗಳು ನಿನ್ನ ರಾತ್ರಿಶಾಲೆ ಬಿಡಿಸ್ತಾರೆ, ಪೂವಪ್ಪ. ಹೇಳು, ನೈಟ್ರೋಜನ್ ಪರಮಾಣುವಿನಲ್ಲಿ ಎಂತ ಉಂಟು?”

“ಒಳಗೆ ಏಳು ಧನ, ಹೊರಗೆ ಏಳು ಋಣ. ಸಮ. ಇನ್ನೂ ಮೂರು ಎಲೆಕ್ಟ್ರಾನ್ ಬಂದರೆ... ಧನ ಮೂರು?”

“ಋಣ, ಮಾರಾಯ! ನಿನ್ನ ಬಾಯಿಪಾಠ ಕೇಳಿ ಕೇಳಿ ನನಗೇ ಬಂತು, ನಿನಗೆ ಬರಲಿಲ್ಲ.”

“ಕೈಗೆ ಬಂದದ್ದು ಹೇಗೆ ಋಣ ಆಗ್ತದೆ, ಕೊರಗಣ್ಣ?”

“ಬೇರೆಯವರದ್ದು ತಿಂದರೆ ಋಣ ಅಲ್ಲವಾ?”

“ಹಾಗಾದರೆ ಒಳಗೆ ಒಂದು ನ್ಯೂಟ್ರಾನ್ ಹೆಚ್ಚಿದ್ದರೆ?”

“ಅದು ನಮ್ಮ ಧಣಿಗಳ ಹೊಟ್ಟೆ. ತಿಂದದ್ದು ಸ್ವಂತ ಹೋಟೆಲಿನದ್ದು. ತೂಕ ಹೆಚ್ಚು, ಋಣ ಇಲ್ಲ.”

ಶೆಟ್ಟೆಪ್ಪ ನಗು ನುಂಗಿಕೊಂಡ. ಅಷ್ಟರಲ್ಲಿ ಬಸ್ಸು ಬಂತು. ಕೊರಗ ಎಲೆಯ ಪೊಟ್ಟಣ ಬಿಚ್ಚಿ ತನ್ನ ಪಾಲಿನ ಮೂರು ವಡೆಗಳನ್ನು ಪೂವಪ್ಪನ ಮುಂದೆ ಹಿಡಿದ.

“ಬೇಡ, ನಿನ್ನ ಋಣ ಆಗ್ತದೆ.”

“ಆಗಲಿ ಅಂತಲೇ ಕೊಟ್ಟದ್ದು. ತಿನ್ನು!”

ಪೂವಪ್ಪ ಮೂರನ್ನೂ ಬಾಯಿಗೆ ತುರುಕಿಕೊಂಡು ಬಸ್ಸು ಹತ್ತಿದ.

“ಈಗ ನೀನು ಎಷ್ಟು?” ಎಂದು ಕೊರಗ ಕೂಗಿದ.

ಹೊರಟ ಬಸ್ಸಿನ ಕಿಟಕಿಯಿಂದ ವಡೆ ತುಂಬಿದ ಉತ್ತರ ಬಂತು: “ಋಣ ಮೂರು!”