ಚೌಕಾಶಿಯಿಲ್ಲದ ಬಂಗಡೆ

ಶನಿವಾರದ ಶಾಲೆ ಮುಗಿಸಿ ಕಾರವಾರದಲ್ಲಿ ಅಂಕೋಲೆಯ ಬಸ್ಸು ಹತ್ತಿದ ವಸುಮತಿ ಟೀಚರಿಗೆ ಕಿಟಕಿಗೆ ತಲೆ ಆನಿಸಿದ್ದೇ ಜೊಂಪು ಹತ್ತಿತ್ತು. ಮುಂದಿನ ಸೀಟಿನ ಅಕ್ಕ ತಮ್ಮ ಮಲಗಗೊಡಲಿಲ್ಲ.

“ಪಗಾರ ಎಂಟು ಸಾವಿರ ಅಂದಿದ್ದೆ ಅಲ್ವಾ ತಮಾ?”

“ಆರ್ಡರಿನಲ್ಲಿ ಎಂಟೇ ಇತ್ತಕ್ಕಾ. ಪಿಎಫ್ಫು, ಅದು ಇದು ಹಿಡ್ಕಂಡು ಕೈಗೆ ಬಂದದ್ದು ಆರೂವರೆ.”

“ರೂಮಿನ ಬಾಡಿಗೆ?”

“ಸಾವಿರದಿನ್ನೂರು. ಊಟದ್ದು ಬೇರೆ.”

“ಆಯಿ ಎಂಟು ಬತ್ತದೆ ಅಂತ ತಿಂಗಳಿಗೆ ಎರಡು ಸಾವಿರದ ಚೀಟಿಗೆ ಸೇರ್ಕಂಡದೆಯಲ್ಲ ಮಾರಾಯಾ!”

“ಗೊತ್ತುಂಟು.”

“ಹಂಗಾರೆ ಇವತ್ತೇ ಹೇಳ್ಬಿಡು. ಬೈದ್ರೆ ಬೈಸ್ಕೊ.”

“ಬೈಯೂದಾದ್ರೆ ಯಾವಾಗ್ಲೋ ಹೇಳ್ತಿದ್ದೆ.”

“ಮತ್ತೆ ಎಂತಾ?”

“ಹೋದ ವಾರ ಮೀನಿನವ್ಳು ಬಾಗ್ಲಿಗೆ ಬಂದಿದ್ಳು. ಆಯಿ ಅವಳು ಹೇಳಿದ ರೇಟಿಗೇ ಬಂಗಡೆ ತಕಂಡ್ತು. ಚೌಕಾಶಿನೇ ಮಾಡ್ಲಿಲ್ಲ.”

“ಯಾರು, ನಮ್ಮ ಆಯಿನಾ?”

“ಹೂಂ. ಮಗಂಗೆ ಪಗಾರ ಶುರುವಾಯ್ತು ಅಂತ ಅವಳ ಹತ್ರ ಹೇಳ್ತಾ ಇತ್ತು.”

ವಸುಮತಿ ಟೀಚರು ಕಣ್ಣು ತೆರೆದರು.

ಹಟ್ಟಿಕೇರಿ ಬಂತೆಂದು ಕಂಡಕ್ಟರ್ ಕೂಗಿದ. ಅಕ್ಕ ಎದ್ದು, ತಮ್ಮನ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಬಾಗಿಲ ಕಡೆ ನಡೆದಳು.

“ಹೇಳೂದು ಸೋಮವಾರ ಹೇಳು. ನಾಳೆ ಆಯ್ತವಾರ, ಮೀನಿನವ್ಳು ಬತ್ತಾಳೆ. ಆಯಿ ಇನ್ನೊಂದು ಸಲ ಹಂಗೇ ತಕಳ್ಳಲಿ.”